ಓಸ್ಮೊ ಸಾಕಿದ ಮೂಗನಾಯಿ

ಹಕ್ಕಿ ಬೇಟೆಯ ನಾಯಿ ವರ್ಷದಲ್ಲಿ ಬೇಟೆಯಾಡುವುದು ಒಂದು ಶರತ್ಕಾಲ, ಅದೂ ಯಜಮಾನನಿಗೆ ರಜೆಯಿದ್ದ ದಿನ. ಮಿಕ್ಕ ವರ್ಷವೆಲ್ಲ ಅದು ಯಾರದೋ ಅಡುಗೆಮನೆಯಲ್ಲಿ, ಯಾರದೋ ಕಾಲಿಗೆ ತೊಡರಿಕೊಂಡು ಬದುಕುತ್ತದೆ. ಇದು ನಿಮಗೆ ಗೊತ್ತಿರಬೇಕಾದ ವಿಷಯ. ಗೊತ್ತಿದ್ದರೂ ನಾಯಿ ಆರಿಸುವಾಗ ಆ ಅಡುಗೆಮನೆಯವರನ್ನು ಒಂದು ಮಾತು ಕೇಳುವುದಿಲ್ಲ. ಬೊಗಳುವ ಸ್ಪರ್ಧೆಯಲ್ಲಿ ಯಾವುದು ಗೆದ್ದಿತು, ಅದರ ತಾಯಿ ಯಾವುದು, ಅಜ್ಜ ಯಾವುದು ಎಂದು ಕೇಳುತ್ತೀರಿ. ಸ್ವಂತ ಮುತ್ತಜ್ಜನ ಹೆಸರು ಬಾರದವರೂ ನಾಯಿಯ ಮುತ್ತಜ್ಜನ ಹೆಸರನ್ನು ಬಾಯಿಪಾಠ ಮಾಡಿಕೊಂಡಿರುತ್ತೀರಿ.

ನಮ್ಮ ಹೌಕಿಲಂಪಿ ಊರಿನ ಓಸ್ಮೊ ಅಂಥವನೇ. ಚಳಿಗಾಲದಲ್ಲಿ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸುತ್ತಾನೆ, ಬೇಸಿಗೆಯಲ್ಲಿ ಅದೇ ರಸ್ತೆಗೆ ಜಲ್ಲಿ ಹಾಕುತ್ತಾನೆ. ಕುಡುಕನಲ್ಲ, ಸೋಮಾರಿಯಲ್ಲ, ಹೆಂಡತಿಯ ಮೇಲೆ ಕೈಯೆತ್ತಿದವನಲ್ಲ. ಅವನಿಗಿದ್ದ ಕಾಯಿಲೆ ಒಂದೇ, ಹೊಟ್ಟೆಕಿಚ್ಚು. ಅದಕ್ಕೆ ಕಾರಣ ಹೆಂಡತಿಯ ಅಣ್ಣ ರೈಮೊ. ರೈಮೊ ಬಳಿ ಯೆಹು ಎಂಬ ನಾಯಿಯಿತ್ತು. ನರಿಯ ಬಣ್ಣ, ಚೂಪು ಕಿವಿ, ಬೆನ್ನ ಮೇಲೆ ಸುರುಳಿ ಬಾಲ, ಕೈನು ಸೀಮೆಯ ಕಾಡಿನಲ್ಲಿ ತಲೆಮಾರುಗಳಿಂದ ಹಕ್ಕಿ ಹುಡುಕುವ ಜಾತಿ. ಈ ಜಾತಿ ಹಕ್ಕಿಯನ್ನು ಬಾಯಲ್ಲಿ ಹಿಡಿಯುವುದಿಲ್ಲ. ಮರ ಹತ್ತಿಸಿ, ಬುಡದಲ್ಲಿ ನಿಂತು ಬಾಲ ಬೀಸುತ್ತ ಬೊಗಳುತ್ತದೆ. ಮೆತ್ಸೊ, ಅಂದರೆ ನಮ್ಮ ದೊಡ್ಡ ಕಪ್ಪು ಕಾಡುಹುಂಜ, ಕೆಳಗಿನ ಕೆಂಪು ಪ್ರಾಣಿಯನ್ನೇ ನೋಡುತ್ತ ಮೈಮರೆತು ಕೂರುತ್ತದೆ. ಅಷ್ಟರಲ್ಲಿ ಬೇಟೆಗಾರ ಹಿಂದಿನಿಂದ ಬರಬೇಕು. ತನ್ನವರು ಬರುವ ತನಕ ಎಡೆಬಿಡದೆ ಬೊಗಳುವ ನಾಯಿಗೇ ಮರ್ಯಾದೆ. ಇನ್ನೊಬ್ಬರ ನಾಯಿ ಬೊಗಳುತ್ತಿರುವ ಮರದ ಕಡೆ ಕಾಲಿಡುವವನಿಗೆ ಈ ಊರಲ್ಲಿ ಯಾರೂ ಕಾಫಿ ಕೊಡುವುದಿಲ್ಲ.

ಯೆಹು ಸ್ಪರ್ಧೆಯಲ್ಲಿ ಗೆದ್ದ ವರ್ಷ ರೈಮೊನ ಫೋಟೊ ಜಿಲ್ಲಾ ಪತ್ರಿಕೆಯಲ್ಲಿ ಬಂತು. ಪೆಟ್ರೋಲ್ ಬಂಕಿನ ಕಾಫಿ ಮೇಜಿನ ಮೇಲೆ ಆ ಪತ್ರಿಕೆ ವಾರಗಟ್ಟಲೆ ಬಿದ್ದಿತ್ತು. ಓಸ್ಮೊ ದಿನವೂ ಅದರ ಮೇಲೆ ತನ್ನ ಕಪ್ಪು ಇಡುತ್ತಿದ್ದ, ಸರಿಯಾಗಿ ಭಾವನ ಮುಖದ ಮೇಲೆ.

ಆ ಚಳಿಗಾಲ ಮುಗಿಯುವ ಹೊತ್ತಿಗೆ ಅವನು ಮನೆಯಲ್ಲಿ ಘೋಷಿಸಿದ: "ನಮಗೂ ನಾಯಿ ಬೇಕು. ಹಕ್ಕಿ ನಾಯಿ."

ಹೆಂಡತಿ ಹೆಲ್ಕಾ ವೃದ್ಧಾಶ್ರಮದಲ್ಲಿ ದಾದಿ, ರಾತ್ರಿ ಪಾಳಿ. ಬೆಳಿಗ್ಗೆ ಬಂದು ಮಗಳು ಸೈಮಿಯನ್ನು ಶಿಶುವಿಹಾರಕ್ಕೆ ಬಿಟ್ಟು ಮಲಗಿದರೆ ಮಧ್ಯಾಹ್ನದ ತನಕ ಅವಳಿಗೆ ಮನೆ ನಿಶ್ಶಬ್ದವಾಗಿರಬೇಕು.

"ಬರ್ಲಿ," ಎಂದಳು. "ಆದ್ರೆ ಯಾವ ಜಾತಿ? ನಾನು ಹಗಲು ಮಲಗೋಳು. ಅಂಚೆ ಗಾಡಿ ಬಂದಾಗೆಲ್ಲ ಕೂಗೋ ನಾಯಿ ತಂದ್ರೆ ನಿನ್ನನ್ನೂ ಅದನ್ನೂ ಒಟ್ಟಿಗೆ ಹೊರಗೆ ಹಾಕ್ತೀನಿ."

"ಜೋಲು ಕಿವಿಯ ಸೆಟ್ಟರ್ ತರೋಣ. ಅದು ಬಾಯೇ ಬಿಡಲ್ಲ. ಹಕ್ಕಿ ಕಂಡ್ರೆ ಕಲ್ಲಾಗಿ ನಿಂತ್ಕೊಳ್ಳುತ್ತೆ."

"ಅದಕ್ಕೆ ಬಯಲು ಬೇಕು ಮಾರಾಯ. ನಮ್ಮ ಕಾಡಲ್ಲಿ ಅದು ಕಲ್ಲಾಗಿ ನಿಂತ್ರೆ ಹುಡುಕೋದಕ್ಕೆ ಇನ್ನೊಂದು ನಾಯಿ ಬೇಕು. ಓಡಿಸದೆ ಮನೇಲಿ ಕಟ್ಟಿದ್ರೆ ಸೋಫಾ ತಿನ್ನುತ್ತೆ."

"ಹಂಗಾದ್ರೆ ಜರ್ಮನ್ ಒರಟು ಕೂದಲಿಂದು?"

"ಪಕ್ಕದ ಮನೆ ಬೆಕ್ಕಿಗೆ ಈಗ್ಲೇ ಗುಂಡಿ ತೋಡಿಟ್ಟಿರು."

"ಬೂದು ಬಣ್ಣದ ಕಡವೆ ನಾಯಿ?"

"ಅದು ಕಡವೆ ಹಿಂದೆ ಹೋಗೋದು, ಹಕ್ಕಿ ಹಿಂದೆ ಅಲ್ಲ. ನಿಂಗೊತ್ತು. ಕೆಂಪು ನಾಯಿ ಬೇಕು ಅಂತ ಹೇಳೋಕೆ ಯಾಕಿಷ್ಟು ಸುತ್ತು? ಅಣ್ಣನ ಮನೇಲಿ ಮರಿ ಹಾಕಿದೆ. ಅದೇ ಜಾತಿ ಮನೇಲಿ ಮಕ್ಕಳ ಜೊತೆ ಹೊಂದ್ಕೊಳ್ಳುತ್ತೆ, ನಾನು ಅದರ ಜೊತೇಲೇ ಬೆಳೆದೋಳು. ಕೂಗೋದು ಕಮ್ಮಿ ಇರೋ ಮರಿ ಆರಿಸ್ಕೊಂಡ್ರಾಯ್ತು."

ಅವನಿಗೆ ಬೇಕಾದದ್ದೂ ಅದೇ. ಭಾವನಿಂದ ತರಬೇಕಲ್ಲ ಎಂಬುದೊಂದೇ ಸಂಕಟ.

ಭಾನುವಾರ ಮೂವರೂ ಹೋದರು. ರೈಮೊನ ಅಡುಗೆಮನೆಯ ಒಲೆಯ ಪಕ್ಕದಲ್ಲಿ ಮರಿಗಳು ಒಂದರ ಮೇಲೊಂದು ಬಿದ್ದಿದ್ದವು. ಒಂದು ಗಂಡುಮರಿ ಪೊರಕೆಯನ್ನು ಬೊಗಳಿ ಬೊಗಳಿ ಮೂಲೆಗಟ್ಟಿತ್ತು. ಒಂದು ಹೆಣ್ಣು ಅಷ್ಟು ದೂರ ಕೂತು ಎಲ್ಲವನ್ನೂ ನೋಡುತ್ತಿತ್ತು. ಹೆಲ್ಕಾ ನೆಲದ ಮೇಲೆ ಕೂತದ್ದೇ ತಡ, ಅದು ನಡೆದು ಬಂದು ಅವಳ ಮಡಿಲಲ್ಲಿ ಮಲಗಿ ನಿದ್ದೆಹೋಯಿತು.

"ಇದೇ," ಎಂದಳು ಹೆಲ್ಕಾ.

ರೈಮೊ ತಲೆ ಕೆರೆದುಕೊಂಡ. "ಹೆಲ್ಕಾ, ನಿನ್ನ ಮನೆಗೆ ಇದು ಚಿನ್ನ. ಆದ್ರೆ ಓಸ್ಮೊ, ಇದರ ಜೊತೆ ಬೇಟೆ ಅಂದ್ರೆ ತಾಳ್ಮೆ ಬೇಕು. ಇದು ಯೋಚನೆ ಮಾಡೋ ನಾಯಿ. ಅವಸರ ಮಾಡಿದ್ರೆ ಬಾಯಿ ಮುಚ್ಚಿಬಿಡುತ್ತೆ. ನೀನು ಅವಸರದೋನು, ನಿಂಗೆ ಆ ಪೊರಕೆ ಶೂರ ಸರಿ."

ಓಸ್ಮೊನ ತಲೆಯಲ್ಲಿ ಆಗ ಓಡಿದ್ದನ್ನು ಅವನೇ ನನಗೆ ಹೇಳಿದ್ದಾನೆ: ಭಾವ ಒಳ್ಳೆಯದನ್ನು ತನಗೇ ಉಳಿಸಿಕೊಳ್ಳುತ್ತಿದ್ದಾನೆ. ಬೇಡ ಅನ್ನುತ್ತಿದ್ದಾನೆ ಅಂದಮೇಲೆ ಅದೇ ಅಸಲಿ ಮಾಲು.

"ನಮಗೆ ಈ ಹೆಣ್ಣೇ ಇರ್ಲಿ, ಭಾವ," ಎಂದ, ನಗುತ್ತ.

ಗಂಡಹೆಂಡಿರಿಬ್ಬರೂ ಒಂದೇ ಮರಿಯನ್ನು ಒಪ್ಪಿದ್ದು ಹೀಗೆ. ಅವಳು ತೊಡೆಯ ಮೇಲಿನ ಭಾರ ನೋಡಿ ಒಪ್ಪಿದಳು, ಇವನು ಭಾವನ ಮುಖ ನೋಡಿ ಒಪ್ಪಿದ. ಹೆಸರಿಟ್ಟವಳು ಸೈಮಿ. ಪಿಹ್ಕ, ಅಂದರೆ ಪೈನ್ ಮರದ ಅಂಟು, ಬಣ್ಣವೂ ಅದೇ.

ಮನೆಯ ಮಟ್ಟಿಗೆ ಅಂಥ ನಾಯಿ ನಾನು ಕಂಡಿಲ್ಲ. ಅಂಚೆ ಗಾಡಿ ಬಂದರೆ ಕಿವಿ ನಿಮಿರಿಸಿ ನೋಡಿ ಮತ್ತೆ ಮಲಗುತ್ತಿತ್ತು. ಸೈಮಿ ಅದರ ಬಾಲಕ್ಕೆ ರಿಬ್ಬನ್ ಕಟ್ಟಿದರೆ ಕಟ್ಟಿಸಿಕೊಳ್ಳುತ್ತಿತ್ತು, ಸಾಕೆನಿಸಿದಾಗ ಎದ್ದು ಹೋಗುತ್ತಿತ್ತು. ಹೆಲ್ಕಾ ಮಲಗಿದರೆ ಕೋಣೆಯ ಬಾಗಿಲಿಗೆ ಅಡ್ಡ ಮಲಗುತ್ತಿತ್ತು. ಅವಳ ಕಾರು ತಿರುವಿಗೆ ಬರುವ ಮೊದಲೇ ಎದ್ದು ನಿಲ್ಲುತ್ತಿತ್ತು. ಓಸ್ಮೊನ ಲಾರಿ ಅಂಗಳಕ್ಕೆ ಬಂದರೆ ಬಾಲವನ್ನು ಒಮ್ಮೆ ಅಲ್ಲಾಡಿಸುತ್ತಿತ್ತು, ಬ್ಯಾಂಕಿನಲ್ಲಿ ಪರಿಚಯದವರಿಗೆ ತಲೆಯಾಡಿಸುವ ಹಾಗೆ.

"ಊಟ ಹಾಕೋನು ನಾನು, ಚರ್ಮದ ಪಟ್ಟಿ ತಂದೋನು ನಾನು," ಎಂದು ಅವನು ಗೊಣಗುತ್ತಿದ್ದ. "ಅದಕ್ಕೆ ನೀನೇ ದೇವರು."

"ನಾನು ಅದನ್ನ ಏನೂ ಕೇಳಲ್ಲ ಕಣೋ. ಅದಕ್ಕೇ."

ಮೊದಲ ಶರತ್ಕಾಲ ಎಳೆಯದು ಎಂದು ಯಾರೂ ಏನೂ ಅನ್ನಲಿಲ್ಲ. ಎರಡನೆಯದು ಬಂತು. ಬೇಟೆ ಶುರುವಾದ ಮೊದಲ ಬೆಳಿಗ್ಗೆಯೇ ಓಸ್ಮೊ ಪಿಹ್ಕಳನ್ನು ಕಾಡಿಗೆ ಬಿಟ್ಟ. ಅವಳು ಮರಗಳ ನಡುವೆ ಮರೆಯಾದಳು. ಅವನು ಕಿವಿಗೊಟ್ಟು ನಿಂತ. ಆಗ ಕೆರೆಯ ಆಚೆ ದಡದಿಂದ ಯೆಹು ಬೊಗಳಿದ್ದು ಕೇಳಿತು, ಗಂಟೆ ಬಾರಿಸಿದ ಹಾಗೆ, ನಿಲ್ಲದೆ. ಮರದ ಬುಡದ ಕಡೆ ನಡೆಯುತ್ತಿರುವ ಭಾವನ ಬೂಟು ಅವನ ಕಣ್ಣಿಗೆ ಕಟ್ಟಿತು. ತಡೆಯಲಾಗಲಿಲ್ಲ. "ಪಿಹ್ಕಾ! ಎಲ್ಲಿದ್ದೀಯೇ? ಹುಡುಕು!" ಎಂದು ಕೂಗಿದ. ಅವಳು ಏನನ್ನೋ ಮೂಸುತ್ತಿದ್ದವಳು ಬಿಟ್ಟು ಓಡಿಬಂದಳು. ಬಂದಳೆಂದು ಬೈದ. ಮತ್ತೆ ಕಳಿಸಿದ. ಕೆರೆಯಾಚೆ ಗುಂಡಿನ ಸದ್ದಾಯಿತು. ಮತ್ತೆ ಕೂಗಿದ. ಹೀಗೆಯೇ ಸೆಪ್ಟೆಂಬರಿನ ರಜೆಗಳೆಲ್ಲ ಸವೆದವು. ಕೊನೆಕೊನೆಗೆ ಪಿಹ್ಕ ಕಾಡಿನಲ್ಲಿ ಅವನ ಹಿಮ್ಮಡಿ ಬಿಟ್ಟು ಕದಲುತ್ತಿರಲಿಲ್ಲ. ಎಲ್ಲಿಗೆ ಹೋದರೂ ಬೈಗುಳ ಎಂದು ಅವಳು ಕಲಿತಿದ್ದಳು. ಕಲಿಸಿದವನು ಅವನು.

ಕಾಫಿ ಮೇಜಿನವರಿಗೆ ಇಷ್ಟು ಸಾಕಲ್ಲವೇ.

"ಓಸ್ಮೊ, ನಿನ್ನ ನಾಯಿಗೆ ಹಲ್ಲು ನೋವಾ?"

"ಹೆಲ್ಕಾ ನಿದ್ದೆ ಕೆಡುತ್ತೆ ಅಂತ ಕಾಡಲ್ಲೂ ಪಿಸುಗುಡುತ್ತಂತೆ."

"ಸುಮ್ನಿರ್ರೋ, ರೈಮೊ ಇವನಿಗೆ ಬೆಕ್ಕು ಕೊಟ್ಟಿದ್ದಾನೆ, ಬಾಲ ಸುತ್ತಿ."

ಎಲ್ಲರೂ ನಕ್ಕರು. ಓಸ್ಮೊನ ಕಿವಿ ಕೆಂಪಾಯಿತು. ಕಪ್ಪನ್ನು ಕುಕ್ಕಿ ಎಲ್ಲರೆದುರೂ ಅಂದುಬಿಟ್ಟ: "ಅಕ್ಟೋಬರ್ ಮುಗಿಯೋದ್ರೊಳಗೆ ಬಾಯಿ ಬಿಡಲಿಲ್ವೋ, ಸೌನಾ ಹಿಂದೆ ಕರ್ಕೊಂಡು ಹೋಗ್ತೀನಿ."

ಈ ಮಾತಿನ ಅರ್ಥ ನಮ್ಮಲ್ಲಿ ಮಗುವಿಗೂ ಗೊತ್ತು. ಕೆಲಸಕ್ಕೆ ಬಾರದ ನಾಯಿಯನ್ನು ಮನೆಯ ಕಿಟಕಿಗೆ ಕಾಣದಂತೆ ಸೌನಾದ, ಅಂದರೆ ಹಬೆ ಸ್ನಾನದ ಮನೆಯ, ಹಿಂಬದಿಗೆ ನಡೆಸಿಕೊಂಡು ಹೋಗಿ ಗುಂಡು ಹಾಕುವುದು. ಅದನ್ನು "ಕೊಲ್ಲುವುದು" ಎನ್ನುವ ಧೈರ್ಯ ನಮ್ಮ ಗಂಡಸರಿಗಿಲ್ಲ. ಆದ್ದರಿಂದ "ಹಿಂದೆ ಕರೆದೊಯ್ಯುವುದು" ಎನ್ನುತ್ತಾರೆ, ವಾಕಿಂಗ್‌ಗೆ ಹೊರಟವರ ಹಾಗೆ. ಅಜ್ಜಂದಿರ ಕಾಲದಲ್ಲಿ ಮನೆಯಲ್ಲಿ ಹಸಿವಿತ್ತು, ಹಕ್ಕಿ ತರದ ನಾಯಿಗೆ ಹಾಕಲು ಅನ್ನವಿರಲಿಲ್ಲ. ಓಸ್ಮೊನ ಫ್ರಿಜ್ಜಿನಲ್ಲಿ ಮೂರು ಬಗೆಯ ಸಾಸೇಜ್ ಇತ್ತು.

ಹೆಲ್ಕಾಳ ಕಿವಿಗೂ ಆ ಮಾತು ಬಿತ್ತು. ನಂಬಲಿಲ್ಲ, ಆದರೂ ಹೇಳಿದಳು: "ನಾಯಿ ಸೌನಾ ಹಿಂದೆ ಹೋದ ದಿನ ನೀನು ಮನೆ ಮುಂದಿನ ಬಾಗಿಲಿಂದ ಒಳಗೆ ಬರಬೇಡ."

ಅಕ್ಟೋಬರ್ ಶುರುವಿನ ಒಂದು ಶನಿವಾರ ಓಸ್ಮೊ ಸಿಟ್ಟಿನಿಂದ ನಾಯಿಯನ್ನು ಮನೆಯಲ್ಲೇ ಬಿಟ್ಟು ಒಬ್ಬನೇ ಕೋವಿ ಹಿಡಿದು ಹೋದ. ಹೆಲ್ಕಾ ಬಕೆಟ್ ತೆಗೆದುಕೊಂಡು, ಸೈಮಿ ಮತ್ತು ಪಿಹ್ಕಳ ಜೊತೆ ದಿಣ್ಣೆಯ ಮೇಲೆ ಉಳಿದಿದ್ದ ಕೆಂಪು ಕಾಡುಹಣ್ಣು ಬಿಡಿಸಲು ಹೋದಳು.

ಜೌಗು ದಾಟುವಾಗ ಓಸ್ಮೊನಿಗೆ ಬೊಗಳು ಕೇಳಿತು. ಯೆಹುವಿನದಲ್ಲ. ಅದಕ್ಕಿಂತ ತೆಳುವಾದ ದನಿ, ಅದಕ್ಕಿಂತ ಸ್ಪಷ್ಟ, ಉಸಿರು ತಪ್ಪದ ತಾಳ. ಯಾವನದು ಇದು? ನಮ್ಮ ದಿಣ್ಣೆಯ ಮೇಲೆ ಭಾವನ ನಾಯಿಯನ್ನೂ ಮೀರಿಸುವ ನಾಯಿ! ಒಂದು ಹೊಟ್ಟೆಯಲ್ಲಿ ಎರಡೆರಡು ಕಿಚ್ಚು. ಬೇರೆಯವರ ಬೊಗಳಿನ ಕಡೆ ಹೋಗಬಾರದೆಂಬ ಕಟ್ಟಳೆಯನ್ನು ಮೊಟ್ಟಮೊದಲ ಸಲ ಮುರಿದು, ಮರದಿಂದ ಮರಕ್ಕೆ ಸರಿಯುತ್ತ ಹೋದ.

ಹಳೆಯ ಪೈನ್ ಮರದ ಬುಡದಲ್ಲಿ ಪಿಹ್ಕ ನಿಂತಿದ್ದಳು. ಕತ್ತು ಮೇಲೆ, ಬಾಲ ಮೆಲ್ಲಗೆ ಆಚೆ ಈಚೆ. ಮೇಲೆ ಕೊಂಬೆಯಲ್ಲಿ ಮೆತ್ಸೊ, ಪಾದ್ರಿಯ ನಿಲುವಂಗಿಯಷ್ಟು ಕಪ್ಪು, ಕತ್ತು ಬಗ್ಗಿಸಿ ಅವಳನ್ನೇ ನೋಡುತ್ತಿತ್ತು. ಸ್ವಲ್ಪ ದೂರದಲ್ಲಿ ಹೆಲ್ಕಾ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತಿದ್ದಳು. ಸೈಮಿ ಅವಳ ಮೊಣಕಾಲಿಗೆ ಒರಗಿ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಆಗಾಗ ಪಿಹ್ಕ ಹಿಂದಿರುಗಿ ಹೆಲ್ಕಾಳನ್ನು ನೋಡುತ್ತಿದ್ದಳು, ಇದ್ದೀಯಾ ಎಂದು ಕೇಳುವ ಹಾಗೆ. ಇದ್ದೀನಿ ಎಂದು ಅವಳು ತಲೆಯಾಡಿಸುತ್ತಿದ್ದಳು. ಬೊಗಳು ಮುಂದುವರಿಯುತ್ತಿತ್ತು.

ಓಸ್ಮೊ ಜೀವಮಾನವೆಲ್ಲ ಕಾದಿದ್ದ ಹಕ್ಕಿ ಅದು. ಕೋವಿ ಕೈಯಲ್ಲಿತ್ತು. ನಾಯಿ ಅವನದು, ಕಾಗದದ ಮೇಲೆ. ಆದರೂ ಕೋವಿ ಮೇಲೇಳಲಿಲ್ಲ. "ಭಾವನ ಮೇಲಿದ್ದ ಉರಿ ಏನೂ ಅಲ್ಲ," ಎಂದ ಅವನು ನನ್ನೊಡನೆ. "ಅದು ಚಳಿ ಕಾಯಿಸೋ ಬೆಂಕಿ. ಹೆಂಡತಿ ಮೇಲಿಂದು ಮನೆ ಸುಡೋದು." ಬಂದ ದಾರಿಯಲ್ಲೇ ಹಿಂದೆ ಸರಿದು ಹೋದ.

ಸಂಜೆ ಹೆಲ್ಕಾ ಬಾಗಿಲಲ್ಲೇ ಕೂಗಿದಳು: "ಓಸ್ಮೊ! ಪಿಹ್ಕ ಬೊಗಳಿದಳು! ಮೆತ್ಸೊ! ನೀನಿರಬೇಕಿತ್ತು!"

ಅವನು ಬೂಟಿನ ದಾರ ಬಿಚ್ಚುತ್ತಿದ್ದ. ತಲೆ ಎತ್ತಲಿಲ್ಲ. "ಅಳಿಲಿರಬೇಕು."

"ಅಳಿಲಾ? ರೈಮೊ ತಂಗಿ ಕಣೋ ನಾನು. ಮೆತ್ಸೊ ಯಾವುದು ಅಳಿಲು ಯಾವುದು ಗೊತ್ತಿಲ್ವಾ?"

"ಕೆಳಗಿಂದ ನೋಡಿದ್ರೆ ಎಲ್ಲಾ ಒಂದೇ ಥರ ಕಾಣ್ಸುತ್ತೆ."

ಈ ಸುಳ್ಳಿನ ತೂಕ ತಿಳಿಯಬೇಕಾದರೆ ನಮ್ಮ ಕಾಡು ಗೊತ್ತಿರಬೇಕು. ಬೊಗಳದ ನಾಯಿಯನ್ನಾದರೂ ಕ್ಷಮಿಸುತ್ತೇವೆ. ಅಳಿಲಿಗೆ ಬೊಗಳುವ ನಾಯಿ ಬೇಟೆಗಾರನನ್ನು ಮರದಿಂದ ಮರಕ್ಕೆ ಸುಳ್ಳೇ ಓಡಿಸುತ್ತದೆ, ಅದಕ್ಕೆ ಮರ್ಯಾದೆಯೇ ಇಲ್ಲ. ಮಾರನೆಯ ಭಾನುವಾರ ರೈಮೊನ ಮನೆಯಲ್ಲಿ, ಏಲಕ್ಕಿ ಬನ್ನಿನ ತಟ್ಟೆ ನಡುವೆ ಇಟ್ಟುಕೊಂಡು, ಅವನು ಆ ಸುಳ್ಳನ್ನು ಮತ್ತೊಮ್ಮೆ ಹೇಳಿದ.

"ಮೂಗಿ ಅಂದ್ಕೊಂಡಿದ್ದೆ ಭಾವ. ಅದಕ್ಕಿಂತ ಕಡೆ. ಅಳಿಲಿಗೆ ಬೊಗಳ್ತಾಳೆ."

"ಮೆತ್ಸೊ ಅದು," ಎಂದಳು ಹೆಲ್ಕಾ.

ರೈಮೊ ಇಬ್ಬರ ಮುಖವನ್ನೂ ನೋಡಿದ. "ಓಸ್ಮೊ, ನಾಯಿ ಬೇಡವಾದ್ರೆ ನಂಗೆ ವಾಪಸ್ ಕೊಡು."

ಕೊಟ್ಟಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಪಿಹ್ಕ ಭಾವನ ಅಂಗಳದಲ್ಲಿ ನಿಂತು, ಕೆರೆಯಾಚೆಯಿಂದ ಊರಿಗೆಲ್ಲ ಕೇಳುವ ಹಾಗೆ ಬೊಗಳುವುದನ್ನು ಓಸ್ಮೊ ಆ ಕ್ಷಣವೇ ಮನಸ್ಸಿನಲ್ಲಿ ಕೇಳಿಬಿಟ್ಟ. "ನನ್ನ ನಾಯಿ. ನಾನು ನೋಡ್ಕೋತೀನಿ," ಎಂದ.

ಒಂದು ನಿಜ ಹೇಳಿದ್ದರೆ ನಾಯಿಯ ಜೀವಕ್ಕೆ ಭಯವಿರುತ್ತಿರಲಿಲ್ಲ. ಆ ನಿಜದಲ್ಲಿ ತನ್ನ ಹೆಸರಿರಲಿಲ್ಲ ಎಂಬ ಒಂದೇ ಕಾರಣಕ್ಕೆ ಅವನು ಹೇಳಲಿಲ್ಲ.

ಅಕ್ಟೋಬರಿನ ಕೊನೆಯ ಶನಿವಾರ ಮೊದಲ ಹಿಮ ಬಿತ್ತು. ಶನಿವಾರವೆಂದರೆ ಸೌನಾ. ಓಸ್ಮೊ ಮಧ್ಯಾಹ್ನವೇ ಒಲೆ ಹಚ್ಚಿದ. ತಾಯಿಮಗಳು ಮೊದಲು ಹೋದರು. ಕಾದ ಕಲ್ಲುಗಳ ಮೇಲೆ ಸೌಟಿನಿಂದ ನೀರೆರಚುತ್ತ ಸೈಮಿ ಏನೇನೋ ಹರಟುತ್ತಿದ್ದಳು.

"ಅಮ್ಮಾ, ಅಪ್ಪಂಗೆ ನನ್ನ ಮೇಲೆ ಕೋಪಾನಾ?"

"ಯಾಕೆ ಚಿನ್ನ?"

"ಹಣ್ಣು ಕೀಳೋಕೆ ಹೋಗಿದ್ವಲ್ಲ, ಆವತ್ತು ಅಪ್ಪ ಮರದ ಹಿಂದೆ ನಿಂತಿದ್ದ. ನಾನು ಕೈ ಬೀಸಿದೆ. ಅಪ್ಪ ಬೀಸಲೇ ಇಲ್ಲ."

ಹೆಲ್ಕಾ ಮಗಳ ಕೈಯಿಂದ ಸೌಟು ತೆಗೆದು ಕೆಳಗಿಟ್ಟಳು. ಹಿಂಬದಿಯ ಚಿಕ್ಕ ಕಿಟಕಿಯ ಆವಿ ಒರೆಸಿದಳು. ಸೌದೆ ರಾಶಿಯ ಪಕ್ಕದಲ್ಲಿ ಓಸ್ಮೊ ನಿಂತಿದ್ದ. ಒಂದು ಕೈಯಲ್ಲಿ ಪಿಹ್ಕಳ ಹಗ್ಗ, ಇನ್ನೊಂದರಲ್ಲಿ ಕೋವಿ.

"ನೀನು ಇಲ್ಲೇ ಕೂತಿರು. ಹೊರಗೆ ಬರಬೇಡ," ಎಂದು ಮಗಳಿಗೆ ಹೇಳಿ, ಟವೆಲ್ ಸುತ್ತಿಕೊಂಡು, ಬರಿಗಾಲಲ್ಲಿ ಹಿಮದ ಮೇಲೆ ನಡೆದು ಬಂದಳು. ಅವಳ ಮೈಯಿಂದ ಹಬೆ ಏಳುತ್ತಿತ್ತು.

"ಒಳಗೆ ಹೋಗು," ಎಂದ ಓಸ್ಮೊ. "ಶೀತ ಆಗುತ್ತೆ."

"ಹೋಗ್ತೀನಿ. ಒಂದು ಮಾತು ಹೇಳು. ಮರದ ಮೇಲೆ ಕೂತಿದ್ದು ಅಳಿಲಾ?"

ಅವನು ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡ.

"ಮಗು ಕೈ ಬೀಸಿತಂತೆ ನಿಂಗೆ."

ಪಿಹ್ಕ ಹಗ್ಗ ಎಳೆದುಕೊಂಡು ಹೋಗಿ ಹೆಲ್ಕಾಳ ಒದ್ದೆ ಕಾಲಿನ ಮೇಲೆ ಕೂತಳು.

"ಬಾಯಿಬಿಟ್ಟು ಹೇಳು ಓಸ್ಮೊ. ಏನಿತ್ತು ಮೇಲೆ?"

"ಮೆತ್ಸೊ."

"ಕೇಳಿಸ್ಲಿಲ್ಲ."

"ಮೆತ್ಸೊ! ದೊಡ್ಡ ಹುಂಜ! ಅಂಥದು ನಾನು ಹುಟ್ಟಿದಾರಭ್ಯ ನೋಡಿಲ್ಲ!" ಅವನು ಕಿರುಚಿದ. "ಶರತ್ಕಾಲ ಪೂರ್ತಿ ಕೂಗಿ ಕೂಗಿ ಗಂಟಲು ಹರ್ಕೊಂಡೋನು ನಾನು. ನೀನು ಬಕೆಟ್ ಬೋರಲು ಹಾಕ್ಕೊಂಡು ಕೂತೆ. ನಿಂಗೆ ಬೊಗಳಿದಳು! ಕೋವಿ ಹಿಡಿಯೋಕೂ ಬಾರದೋಳಿಗೆ!"

"ನೀನು ಕೂಗಿದ್ದಕ್ಕೇ ಅವಳು ಬೊಗಳ್ಲಿಲ್ಲ, ದಡ್ಡ. ಅಣ್ಣ ಮೊದಲ ದಿನವೇ ಹೇಳಿದ್ದ. ಕಾಡಲ್ಲಿ ನೀನು ಯಾವಾಗ ಇವಳ ಮಾತು ಕೇಳಿಸ್ಕೊಂಡೆ? ನಿನ್ನ ಕಿವಿ ಯಾವಾಗಲೂ ಕೆರೆಯಾಚೆ ಇರುತ್ತಿತ್ತು."

ಹೆಲ್ಕಾ ಕೈ ಚಾಚಿದಳು. ಅವನು ಹಗ್ಗ ಕೊಟ್ಟ.

"ನಾಳೆ ಬಂಕಿಗೆ ಹೋಗಿ ಇದನ್ನೇ ಹೇಳ್ತೀಯ," ಎಂದಳು. "ಇಷ್ಟೇ ಜೋರಾಗಿ."

ಹೇಳಿದ. ಆ ಮೇಜಿನಲ್ಲಿ ನಾನೂ ಇದ್ದೆ. ಟೋಪಿ ತೆಗೆದು, ನಿಂತುಕೊಂಡೇ ಹೇಳಿದ: "ನನ್ನ ನಾಯಿ ಮೂಗಿಯಲ್ಲ. ಅಳಿಲಿಗೂ ಬೊಗಳಲ್ಲ. ಹೆಲ್ಕಾಗೆ ಬೊಗಳ್ತಾಳೆ. ನಂಗೆ ಬೊಗಳಲ್ಲ." ನಗುತ್ತಾರೆಂದು ಅವನು ಕಾದ. ನಕ್ಕರು, ಇಲ್ಲವೆನ್ನುವುದಿಲ್ಲ. "ಅಡುಗೆ ಮಾಡೋರಿಗೆ ಬೊಗಳೋ ಜಾತಿ" ಎಂದ ಒಬ್ಬ. ರೈಮೊ ಮಾತ್ರ ನಗದೆ ಎದ್ದು ಅವನಿಗೆ ಕಾಫಿ ತಂದಿಟ್ಟ. ಅದು ಓಸ್ಮೊನನ್ನು ನಗೆಗಿಂತ ಹೆಚ್ಚು ಸುಟ್ಟಿತಂತೆ.

ಮುಂದಿನ ವಸಂತದಲ್ಲಿ ಹೆಲ್ಕಾ ಬೇಟೆಗಾರರ ಪರೀಕ್ಷೆ ಕಟ್ಟಿ ಪಾಸಾದಳು. ನಾಯಿಯ ಕಾಗದ ಅವಳ ಹೆಸರಿಗಾಯಿತು. ಈಗ ಶರತ್ಕಾಲದ ಶನಿವಾರಗಳಲ್ಲಿ ಓಸ್ಮೊ ಕಾರು ಓಡಿಸಿಕೊಂಡು ಹೋಗಿ ಅವರನ್ನು ದಿಣ್ಣೆಯ ಬುಡದಲ್ಲಿ ಇಳಿಸುತ್ತಾನೆ. ಸೈಮಿಯ ಜೊತೆ ಕಾರಿನಲ್ಲೇ ಕೂತು, ಗಾಜು ಇಳಿಸಿ, ರೈ ರೊಟ್ಟಿ ತಿನ್ನುತ್ತ ಕೇಳಿಸಿಕೊಳ್ಳುತ್ತಾನೆ. ಒಮ್ಮೆ ನಾನೂ ಆ ಕಾರಿನಲ್ಲಿದ್ದೆ. ದಿಣ್ಣೆಯ ಮೇಲೆ ಪಿಹ್ಕ ಶುರುಮಾಡಿದಳು.

"ಈಗ ಹೆಂಗಿದೆ ಹೊಟ್ಟೆ?" ಎಂದು ಕೇಳಿದೆ.

"ಉರಿಯುತ್ತೆ," ಎಂದ. "ಯೆಹು ಗೆದ್ದಾಗಲೂ ಇಷ್ಟು ಉರಿದಿರಲಿಲ್ಲ." ಸ್ವಲ್ಪ ಹೊತ್ತು ಕಿವಿಗೊಟ್ಟ. "ಬರ್ಕೋ ಬೇಕಾದ್ರೆ. ಆದ್ರೆ ಎಷ್ಟು ಚೆನ್ನಾಗಿ ಬೊಗಳ್ತಾಳೆ ಅಂತಲೂ ಬರಿ."

ಬರೆದಿದ್ದೇನೆ. ಮನುಷ್ಯ ಬದಲಾಗಿಲ್ಲ, ಸುಳ್ಳು ಬಿಟ್ಟಿದ್ದಾನೆ ಅಷ್ಟೆ. ನಾಯಿಯೊಂದು ಬದುಕಲು ಅಷ್ಟು ಸಾಕಾಯಿತು.

ಇನ್ನು ನಿಮ್ಮ ಮಾತು. ಈ ವಸಂತದಲ್ಲಿ ಮರಿ ತರಲು ಹೊರಟಿದ್ದೀರಲ್ಲ, ಗೆದ್ದ ನಾಯಿಗಳ ಪಟ್ಟಿ ಕೆಳಗಿಡಿ. ಕೆರೆಯಾಚೆಯವನ ನಾಯಿಯನ್ನು ಮರೆಯಿರಿ. ಯಾರ ಕಾಲ ಮೇಲೆ ಅದು ಮಿಕ್ಕ ವರ್ಷವೆಲ್ಲ ಮಲಗಲಿದೆಯೋ ಅವರ ಮುಂದೆ ಹೋಗಿ ಕೂತು, ಎಂಥದು ಬೇಕೆಂದು ಕೇಳಿ. ನಾಳೆ ಅದು ನಿಮ್ಮನ್ನು ಬಿಟ್ಟು ಅವರಿಗೇ ಬೊಗಳಿದರೆ ಅದನ್ನು ಊರೆದುರು ಒಪ್ಪಿಕೊಳ್ಳುವ ಬಾಯಿ ನಿಮಗಿದೆಯೇ ಎಂದು ನಿಮ್ಮನ್ನೂ ಕೇಳಿಕೊಳ್ಳಿ. ಇಲ್ಲವಾದರೆ ಮರಿಯನ್ನು ಅದರ ತಾಯಿಯ ಹತ್ತಿರವೇ ಬಿಟ್ಟು ಬನ್ನಿ.